ಮನೆಯ ತಾಮ್ರವೂ ಊರಿನ ನೀರೂ

ಯಾವುದಾದರೂ ಹಳೆಯ ಯಂತ್ರದಿಂದ ತೆಗೆದ ಸರ್ಕಿಟ್ ಬೋರ್ಡೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ನೂರಾರು ಸಣ್ಣ ರಂಧ್ರಗಳು ಕಾಣುತ್ತವೆ. ಬಿಡಿಭಾಗಗಳ ಕಾಲುಗಳನ್ನು ತೂರಿಸುವುದಕ್ಕಾಗಿಯೇ ಅವು ಇವೆಯೆಂದು ಅನೇಕರು ಭಾವಿಸುತ್ತಾರೆ. ಅವುಗಳ ಕೆಲಸ ಅಷ್ಟೇ ಅಲ್ಲ. ಎರಡು ಮೈಗಳಲ್ಲಿಯೂ ತಾಮ್ರದ ಗೆರೆಗಳಿರುವ ಬೋರ್ಡಿನಲ್ಲಿ ಅಂತಹ ರಂಧ್ರದ ಒಳಗೋಡೆಗೆ ತಾಮ್ರದ ತೆಳುವಾದ ಲೇಪವಿರುತ್ತದೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ವಿದ್ಯುತ್ತು ಇಳಿದು ಬರುವುದು ಈ ತಾಮ್ರದ ಕೊಳವೆಯ ಮೂಲಕ. ಇದನ್ನು ಲೇಪಿತ ರಂಧ್ರವೆಂದು ಕರೆಯೋಣ.

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಹೊರಟರೆ ಸಿಕ್ಕುವ ಊರು ಮಾಕಳಿ. ಈ ಭಾಗದಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದುಂಟು: “ಲೇಪಿತ ರಂಧ್ರಗಳುಳ್ಳ ಬೋರ್ಡನ್ನು ಮನೆಯಲ್ಲಿಯೇ ತಯಾರಿಸಬಹುದೇ?” ತಯಾರಿಸಬಹುದು. ಪದವಿ ತರಗತಿಯ ವಿದ್ಯಾರ್ಥಿ ಒಂದು ಸಲವಾದರೂ ತನ್ನ ಕೈಯಿಂದ ಅದನ್ನು ತಯಾರಿಸಿ ನೋಡಬೇಕು ಎಂಬುದೂ ನಮ್ಮ ಅಭಿಪ್ರಾಯ. ಆದರೆ ಇದಕ್ಕೆ ಒಂದು ನಿಬಂಧನೆಯಿದೆ. ಕೆಲಸ ಮುಗಿದ ಮೇಲೆ ಉಳಿಯುವ ದ್ರವಕ್ಕೆ ಏನು ಗತಿ ಕಾಣಿಸಬೇಕೆಂಬುದು ಕೆಲಸಕ್ಕೆ ಕೈಹಾಕುವ ಮೊದಲೇ ನಿಶ್ಚಯವಾಗಿರಬೇಕು. ಅದು ನಿಶ್ಚಯವಾಗದಿದ್ದರೆ ಕೆಲಸವನ್ನು ಆರಂಭಿಸಲೇಬಾರದು. ಈ ಮಾತು ಏಕೆ ಅಷ್ಟು ಕಟ್ಟುನಿಟ್ಟಾಗಿರಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಸ್ಟ್ರಿಯಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ವಲಸೆ ಬಂದ ಪಾಲ್ ಐಸ್ಲರ್ ಎಂಬ ಇಂಜಿನಿಯರು 1936ರ ಸುಮಾರಿನಲ್ಲಿ ಲಂಡನ್ನಿನಲ್ಲಿ ಅಚ್ಚಿನ ವಿಧಾನದಿಂದ ರೇಡಿಯೋ ಮಂಡಲವನ್ನು ರಚಿಸಿದನು. ತಂತಿಗಳನ್ನು ಒಂದೊಂದಾಗಿ ಬೆಸೆಯುವುದಕ್ಕೆ ಬದಲಾಗಿ, ಹಲಗೆಗೆ ಅಂಟಿಸಿದ ತಾಮ್ರದ ಹಾಳೆಯಲ್ಲಿ ಬೇಡವಾದ ಭಾಗವನ್ನು ಕರಗಿಸಿ, ಬೇಕಾದ ಗೆರೆಗಳನ್ನು ಉಳಿಸಿಕೊಳ್ಳುವುದು ಅವನ ಉಪಾಯ. ಒಂದೇ ಮೈಯಲ್ಲಿ ಗೆರೆಗಳು ಹೆಚ್ಚಾದಂತೆ ಒಂದನ್ನೊಂದು ಅಡ್ಡಹಾಯದೆ ಸಾಗುವುದು ಕಷ್ಟವಾಗುತ್ತದೆ. ಆಗ ಎರಡನೆಯ ಮೈಯ ಅಗತ್ಯವುಂಟಾಗುತ್ತದೆ. ಎರಡು ಮೈಗಳನ್ನು ಕೂಡಿಸಲು ರಂಧ್ರಕ್ಕೆ ಲೇಪ ಬೇಕಾಗುತ್ತದೆ.

ಇಲ್ಲಿಯೇ ಒಂದು ತೊಡಕಿದೆ. ಬೋರ್ಡಿನ ಹಲಗೆ ಗಾಜಿನ ನಾರು ಮತ್ತು ಎಪಾಕ್ಸಿ ಅಂಟುಗಳಿಂದಾದದ್ದು. ಅದು ಅವಾಹಕ. ಅದನ್ನು ಕೊರೆದಾಗ ಕಾಣುವ ಒಳಗೋಡೆಯೂ ಅವಾಹಕವೇ. ವಿದ್ಯುಲ್ಲೇಪನ ನಡೆಯಬೇಕಾದರೆ ಲೇಪವಾಗುವ ವಸ್ತು ವಾಹಕವಾಗಿರಬೇಕು. ಹಾಗಾದರೆ ಅವಾಹಕವಾದ ಗೋಡೆಯ ಮೇಲೆ ತಾಮ್ರವನ್ನು ಕೂರಿಸುವುದು ಹೇಗೆ?

ಕಾರ್ಖಾನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಕ್ರಮ ಹೀಗಿದೆ: ಮೊದಲು ಗೋಡೆಯ ಮೇಲೆ ಪೆಲೇಡಿಯಂ ಲೋಹದ ಅತಿಸೂಕ್ಷ್ಮ ಕಣಗಳನ್ನು ಅಂಟಿಸುತ್ತಾರೆ. ಬಳಿಕ ಬೋರ್ಡನ್ನು ತಾಮ್ರದ ಲವಣ, ಕಾಸ್ಟಿಕ್ ಸೋಡಾ ಮತ್ತು ಫಾರ್ಮಾಲ್ಡಿಹೈಡ್ ಇರುವ ದ್ರಾವಣದಲ್ಲಿ ಅದ್ದುತ್ತಾರೆ. ಪೆಲೇಡಿಯಂ ಇದ್ದ ಕಡೆ ತಾಮ್ರ ತಾನಾಗಿಯೇ ಕೂರುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಹಾಯಿಸಬೇಕಾಗಿಲ್ಲ. ಈ ಕ್ರಮವನ್ನು ಮನೆಯಲ್ಲಿ ಅನುಸರಿಸತಕ್ಕದ್ದಲ್ಲ. ಫಾರ್ಮಾಲ್ಡಿಹೈಡನ್ನು ಮಾನವನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಅಲ್ಲದೆ ತಾಮ್ರ ಕೆಳಗಿಳಿಯದಂತೆ ಹಿಡಿದಿಡಲು ಆ ದ್ರಾವಣಕ್ಕೆ ಇ.ಡಿ.ಟಿ.ಎ. ಮೊದಲಾದ ವಸ್ತುಗಳನ್ನು ಸೇರಿಸಿರುತ್ತಾರೆ. ದ್ರಾವಣ ಹಳತಾದ ಮೇಲೆ ಅವು ತಾಮ್ರವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಸುಣ್ಣ ಹಾಕಿದರೂ ತಾಮ್ರ ಸುಲಭವಾಗಿ ತಳಕ್ಕೆ ಇಳಿಯದು.

ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಕ್ರಮದಲ್ಲಿ ಹೈಪೋಫಾಸ್ಫೈಟ್ ಮತ್ತು ಮೈಲುತುತ್ತಗಳ ಮಿಶ್ರಣವನ್ನು ರಂಧ್ರಕ್ಕೆ ಹಚ್ಚಿ ಬಿಸಿಮಾಡುತ್ತಾರೆ. ತಾಮ್ರ ಬರುವುದೇನೋ ನಿಜ. ಆದರೆ ಹೈಪೋಫಾಸ್ಫೈಟು ಕಾಯ್ದಾಗ ಫಾಸ್ಫೀನ್ ಎಂಬ ಘೋರವಾದ ವಿಷವಾಯು ಹೊರಡಬಹುದು. ಅಡಿಗೆ ಮನೆಯ ಒಲೆಯ ಮೇಲೆ ಇದನ್ನು ಮಾಡುವುದು ತನಗೂ ಮನೆಯವರಿಗೂ ಅಪಾಯವನ್ನು ತಂದುಕೊಂಡಂತೆ.

ಉಳಿದವುಗಳಲ್ಲಿ ಸರಳವಾದುದು ಇಂಗಾಲದ ದಾರಿ. ಗ್ರಾಫೈಟಿನ ನುಣುಪಾದ ಪುಡಿಯನ್ನು ಅಂಟಿನ ದ್ರವದಲ್ಲಿ ಕಲಸಿದ ಮಸಿಯನ್ನು ರಂಧ್ರಗಳೊಳಗೆ ಎಳೆದು, ರಂಧ್ರ ಮುಚ್ಚಿಹೋಗದಂತೆ ಹೆಚ್ಚಿನದನ್ನು ಹೀರಿ ತೆಗೆದು, ಒಣಗಿಸಿ, ಹೊರಮೈಯ ತಾಮ್ರವನ್ನು ಚೊಕ್ಕಟಮಾಡಬೇಕು. ಗ್ರಾಫೈಟು ತಾಮ್ರದಷ್ಟು ಒಳ್ಳೆಯ ವಾಹಕವಲ್ಲ. ಆದರೆ ಲೇಪನವನ್ನು ಆರಂಭಿಸಿಕೊಡಲು ಅಷ್ಟು ಸಾಕು. ಕೆಲವು ಕಾರ್ಖಾನೆಗಳೂ ಇಂದು ಇಂಗಾಲವನ್ನು ಆಧರಿಸಿದ ಕ್ರಮವನ್ನೇ ಬಳಸುತ್ತವೆ. ಬಳಿಕ ಮೈಲುತುತ್ತ ಮತ್ತು ಗಂಧಕಾಮ್ಲದ ದ್ರಾವಣದಲ್ಲಿ ಬೋರ್ಡನ್ನು ಋಣಧ್ರುವವಾಗಿಯೂ ತಾಮ್ರದ ತಗಡುಗಳನ್ನು ಎರಡು ಪಕ್ಕಗಳಲ್ಲಿ ಧನಧ್ರುವವಾಗಿಯೂ ಇಟ್ಟು ವಿದ್ಯುತ್ತನ್ನು ಹಾಯಿಸಬೇಕು. ತಾಮ್ರ ಮೊದಲು ರಂಧ್ರದ ಎರಡು ಅಂಚುಗಳಲ್ಲಿ ಕೂರುತ್ತದೆ. ಅಲ್ಲಿಂದ ಒಳಗೆ ತೆವಳುತ್ತ ಹೋಗಿ ನಡುವೆ ಒಂದಾಗುತ್ತದೆ. ಆದುದರಿಂದ ಮೊದಮೊದಲು ಪ್ರವಾಹ ಮಂದವಾಗಿರಬೇಕು.

ಇಷ್ಟಕ್ಕೆ ಬಂದ ವಿದ್ಯಾರ್ಥಿ ತನ್ನ ಪಠ್ಯಪುಸ್ತಕವನ್ನು ತೆರೆಯಲಿ. 1833–34ರಲ್ಲಿ ಫ್ಯಾರಡೆ ಪ್ರಕಟಿಸಿದ ವಿದ್ಯುದ್ವಿಶ್ಲೇಷಣದ ನಿಯಮಗಳು ಇಲ್ಲಿ ಪರೀಕ್ಷೆಯ ಪ್ರಶ್ನೆಗಳಾಗಿರದೆ ಕೆಲಸದ ಸಾಧನಗಳಾಗುತ್ತವೆ. ಒಂದು ಕೂಲಂ ವಿದ್ಯುತ್ತು 0.000329 ಗ್ರಾಂ ತಾಮ್ರವನ್ನು ಕೂರಿಸುತ್ತದೆ. 10 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಬೋರ್ಡಿನ ಎರಡು ಮೈಗಳ ವಿಸ್ತೀರ್ಣ 160 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 20 ಮಿಲಿಆಂಪಿಯರಿನಂತೆ ಒಟ್ಟು 3.2 ಆಂಪಿಯರ್ ಪ್ರವಾಹ ಬೇಕು. ಒಂದು ಗಂಟೆಯಲ್ಲಿ ಕೂರುವ ತಾಮ್ರ ಸುಮಾರು 3.8 ಗ್ರಾಂ. ತಾಮ್ರದ ಸಾಂದ್ರತೆ 8.96 ಆಗಿರುವುದರಿಂದ ಲೇಪದ ದಪ್ಪ 26 ಮೈಕ್ರಾನಿಗೆ ತುಸು ಮೇಲೆ ಬರುತ್ತದೆ. ಒಳ್ಳೆಯ ಬೋರ್ಡುಗಳ ರಂಧ್ರದಲ್ಲಿ ಇರಬೇಕಾದುದು 20ರಿಂದ 25 ಮೈಕ್ರಾನ್. ಒಂದು ಗಂಟೆಯ ತಾಳ್ಮೆ, ಒಂದು ಗುಣಾಕಾರ, ಒಂದು ಭಾಗಾಕಾರ ಇಷ್ಟರಿಂದ ಕಾರ್ಖಾನೆಯ ಅಳತೆಯ ಹತ್ತಿರಕ್ಕೆ ಬರಬಹುದು.

ಆದರೆ ಈ ಲೆಕ್ಕ ಹೊರಮೈಗೆ ಸರಿಯೇ ಹೊರತು ರಂಧ್ರದ ನಡುಭಾಗಕ್ಕೆ ಹಾಗೆಯೇ ಹೊಂದದು. ದ್ರಾವಣಕ್ಕೂ ರೋಧವುಂಟು. ರಂಧ್ರದೊಳಕ್ಕೆ ಹೋಗಬೇಕಾದ ಪ್ರವಾಹ ಇಕ್ಕಟ್ಟಾದ ಹಾದಿಯಲ್ಲಿ ಸಾಗಬೇಕಾದುದರಿಂದ ಅಲ್ಲಿ ಪ್ರವಾಹದ ಪಾಲು ಕಡಿಮೆಯಾಗುತ್ತದೆ; ಲೇಪ ತೆಳುವಾಗುತ್ತದೆ. ಇದಕ್ಕಾಗಿಯೇ ರಂಧ್ರಲೇಪನದ ದ್ರಾವಣದಲ್ಲಿ ಮೈಲುತುತ್ತವನ್ನು ಕಡಿಮೆಮಾಡಿ ಗಂಧಕಾಮ್ಲವನ್ನು ಹೆಚ್ಚಿಸುತ್ತಾರೆ. ಜಲಜನಕದ ಅಯಾನುಗಳು ವಿದ್ಯುತ್ತನ್ನು ಬಹು ಸುಲಭವಾಗಿ ಸಾಗಿಸುವುದರಿಂದ ದ್ರಾವಣದ ರೋಧ ಇಳಿದು, ಒಳಗೂ ಹೊರಗೂ ಲೇಪ ಹೆಚ್ಚುಕಡಿಮೆ ಸಮವಾಗುತ್ತದೆ.

ಲೇಪ ಏಕೆ ಅಷ್ಟು ದಪ್ಪವಿರಬೇಕು? ವಿದ್ಯುತ್ತಿನ ದೃಷ್ಟಿಯಿಂದ ನೋಡಿದರೆ 1.6 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ 0.8 ಮಿಲಿಮೀಟರ್ ವ್ಯಾಸದ ರಂಧ್ರಕ್ಕೆ 25 ಮೈಕ್ರಾನ್ ಲೇಪವಿದ್ದರೆ ಅದರ ರೋಧ ಒಂದು ಓಮಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅದರ ಅರ್ಧ ದಪ್ಪವಿದ್ದರೂ ವಿದ್ಯುತ್ತಿಗೆ ಅಡ್ಡಿಯೇನಿಲ್ಲ. ಅಡ್ಡಿ ಬರುವುದು ಶಾಖದಿಂದ. ಹಲಗೆಯ ಉಷ್ಣತೆ 100 ಡಿಗ್ರಿ ಏರಿದರೆ ಅದರ ದಪ್ಪ ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. ಅಷ್ಟೇ ಉದ್ದದ ತಾಮ್ರ ಸುಮಾರು 3 ಮೈಕ್ರಾನ್ ಮಾತ್ರ ಹಿಗ್ಗುತ್ತದೆ. ಬೆಸುಗೆಯ ಶಾಖದಲ್ಲಿ ಈ ಅಂತರ ಇನ್ನೂ ಹೆಚ್ಚು. ಹಿಗ್ಗುವ ಹಲಗೆ ತಾಮ್ರದ ಕೊಳವೆಯನ್ನು ಎರಡು ಕಡೆಗೂ ಜಗ್ಗುತ್ತದೆ. ಕೊಳವೆ ತೆಳುವಾಗಿದ್ದರೆ ನಡುವೆ ಸೀಳುತ್ತದೆ. ಬೋರ್ಡು ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಕೈಕೊಡುವುದಕ್ಕೆ ಇದೊಂದು ಕಾರಣ.

ಓಮನ ನಿಯಮ, ಫ್ಯಾರಡೆಯ ನಿಯಮಗಳು, ಉಷ್ಣದಿಂದಾಗುವ ವಿಕಾಸ ಇವೆಲ್ಲವೂ ಸಾಸಿವೆಕಾಳೂ ತೂರದಷ್ಟು ಕಿರಿದಾದ ರಂಧ್ರದಲ್ಲಿ ಒಟ್ಟಿಗೆ ಬಂದಿವೆ. ಬೋರ್ಡಿನ ನಕ್ಷೆಯನ್ನು ಕಳುಹಿಸಿದರೆ ಹೊರದೇಶದಿಂದಲೂ ಅಗ್ಗವಾಗಿ ಮಾಡಿಸಿಕೊಳ್ಳಬಹುದಲ್ಲ, ಇಷ್ಟು ಶ್ರಮವೇಕೆ, ಎಂದು ಕೇಳುವವರಿದ್ದಾರೆ. ಬೋರ್ಡು ಮಾತ್ರ ಬೇಕಾಗಿದ್ದರೆ ಅವರ ಮಾತು ಸರಿ. ಕಾರ್ಖಾನೆಯ ಬೋರ್ಡು ನಮ್ಮದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ ನಮಗೆ ಬೇಕಾದುದು ಬೋರ್ಡಿನ ಜೊತೆಗೆ ಅದನ್ನು ಬಲ್ಲ ವಿದ್ಯಾರ್ಥಿ. 1948ರಲ್ಲಿ ದೂರವಾಣಿ ಕಾರ್ಖಾನೆಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಆರಂಭವಾದ ಬೆಂಗಳೂರಿನಲ್ಲಿ ಓದುವ ಹುಡುಗರು ಬೋರ್ಡು ಹೇಗಾಗುತ್ತದೆಂಬುದನ್ನು ಚಿತ್ರದಲ್ಲಿ ಮಾತ್ರ ಕಂಡು ಪದವಿ ಪಡೆಯುವುದು ಒಪ್ಪುವ ಮಾತಲ್ಲ.

ಇನ್ನು ನಾವು ಮೊದಲು ಹೇಳಿದ ನಿಬಂಧನೆಗೆ ಬರೋಣ.

ಲೇಪನ ಮುಗಿದ ಬಳಿಕ ಬೋರ್ಡಿನ ಮೇಲೆ ಗೆರೆಗಳನ್ನು ಬಿಟ್ಟು ಉಳಿದ ತಾಮ್ರವನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸಬೇಕು. ಬೋರ್ಡು ಕೊಂಡಾಗ ಅದರ ಮೇಲಿದ್ದ ತಾಮ್ರದ ದಪ್ಪ 35 ಮೈಕ್ರಾನ್. ನಾವು ಕೂರಿಸಿದ್ದು 25. ಒಟ್ಟು 60 ಮೈಕ್ರಾನ್. ಮೇಲೆ ಹೇಳಿದ ಬೋರ್ಡಿನ ಎರಡು ಮೈಗಳಲ್ಲಿ ಸೇರಿ ಸುಮಾರು 8.6 ಗ್ರಾಂ ತಾಮ್ರವಿರುತ್ತದೆ. ಅದರಲ್ಲಿ ನೂರಕ್ಕೆ ಅರುವತ್ತು ಭಾಗವನ್ನು ಕರಗಿಸಿದರೆ 5 ಗ್ರಾಂ ತಾಮ್ರ ದ್ರವಕ್ಕೆ ಸೇರಿತು. ಐದು ಗ್ರಾಂ ಎಂದರೆ ಅಲ್ಪವಾಗಿ ಕಾಣುತ್ತದೆ. ಆದರೆ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಮಿಗಿಂತ ಹೆಚ್ಚು ತಾಮ್ರವಿರಬಾರದೆಂದು ನಮ್ಮ ದೇಶದ ಪರಿಸರ ನಿಯಮಗಳು ಹೇಳುತ್ತವೆ. ಆ ಐದು ಗ್ರಾಮನ್ನು ಈ ಮಿತಿಗೆ ತರಲು 1,600 ಲೀಟರಿಗೂ ಹೆಚ್ಚು ನೀರು ಬೇಕು. ಕುಡಿಯುವ ನೀರಿನಲ್ಲಿ ಬೇರೆ ಮೂಲವಿಲ್ಲದಾಗಲೂ ಸಹಿಸಬಹುದಾದ ಪರಮಮಿತಿ 1.5 ಮಿಲಿಗ್ರಾಂ, ಆ ಲೆಕ್ಕದಲ್ಲಿ ನೀರು ಇದರ ಇಮ್ಮಡಿಯಾಗಬೇಕು. ಅಂಗೈಯಗಲದ ಒಂದು ಬೋರ್ಡಿಗೆ ಇಷ್ಟು! ಅಲ್ಲದೆ ನೀರು ಬೆರೆಸಿ ತೆಳುಮಾಡಿದರೆ ತಾಮ್ರ ನಾಶವಾಗುವುದಿಲ್ಲ. ಅದು ಧಾತು, ಕೊಳೆಯದು, ಉರಿಯದು, ಎಲ್ಲಿಗೂ ಮಾಯವಾಗದು.

ಮೈಲುತುತ್ತವನ್ನು ಅಡಕೆಯ ತೋಟಗಳಿಗೆ ಸಿಂಪಡಿಸುವುದಿಲ್ಲವೇ, ಅದೇನು ಅಂಥ ವಿಷವೇ, ಎಂದು ಮಲೆನಾಡಿನ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿನಲ್ಲಿ ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ ಅದಕ್ಕೆ ಬೋರ್ಡೋ ಮಿಶ್ರಣವನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣಗಳ ಈ ಮಿಶ್ರಣ ಮಳೆಗಾಲದಲ್ಲಿ ಅಡಕೆಯ ಗೊನೆಯನ್ನು ಇಂದಿಗೂ ಕಾಯುತ್ತಿದೆ. ಆದರೆ ಅದು ಗೊನೆಯನ್ನು ಕಾಯುವುದು ರೋಗದ ಸೂಕ್ಷ್ಮಜೀವಿಯನ್ನು ಕೊಲ್ಲುವುದರಿಂದ. ಅದೇ ತಾಮ್ರ ಮನೆಯ ಶೌಚಗುಂಡಿಗೆ ಬಿದ್ದರೆ ಅಲ್ಲಿ ಕೊಳೆಯನ್ನು ಕರಗಿಸುವ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಕೆರೆಯನ್ನು ಸೇರಿದರೆ ಪಾಚಿಯಿಂದ ಮೊದಲುಗೊಂಡು ಮೀನಿನವರೆಗೆ ತೊಂದರೆ ಕೊಡುತ್ತದೆ. ಹಲವು ದಶಕಗಳಿಂದ ಸಿಂಪಡಿಸುತ್ತ ಬಂದ ತೋಟಗಳ ಮಣ್ಣಿನಲ್ಲಿಯೂ ತಾಮ್ರ ಶೇಖರವಾಗುತ್ತದೆಂಬುದು ತಿಳಿದ ವಿಷಯವೇ.

ಮಾಕಳಿಯ ಮಾತನ್ನು ಎತ್ತಿದ್ದಕ್ಕೆ ಕಾರಣ ಇಲ್ಲಿದೆ. ತುಮಕೂರು ರಸ್ತೆಯ ಈ ಭಾಗ ಅರ್ಕಾವತಿಯ ಜಲಾನಯನಕ್ಕೆ ಸೇರಿದ್ದು. ಅದೇ ನದಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ನಗರದ ಹೊರವಲಯದ ಇಂತಹ ಊರುಗಳಲ್ಲಿ ಬಹುಮಟ್ಟಿಗೆ ಕೊಳವೆಬಾವಿಯೇ ಜನರಿಗೆ ಆಧಾರವಾಗಿ ಬಂದಿದೆ. ಚರಂಡಿಗೆ ಚೆಲ್ಲಿದ್ದು ಎಲ್ಲಿಗೋ ದೂರ ಹೋಗುತ್ತದೆಂದು ತಿಳಿಯುವಂತಿಲ್ಲ. ನೆಲಕ್ಕೆ ಇಂಗಿದ್ದು ನೆರೆಮನೆಯ ಕೊಳವೆಬಾವಿಯತ್ತ ಸಾಗಬಹುದು.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಪೀಣ್ಯವೇ ಸಾಕ್ಷಿ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಲೋಹದ ವಿಷರೂಪ ಮಿತಿಗಿಂತ ಹೆಚ್ಚಾಗಿ ಕಂಡುಬಂದಿರುವುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಲೋಹಲೇಪನದ ತ್ಯಾಜ್ಯ ಅದರ ಮುಖ್ಯ ಮೂಲಗಳಲ್ಲೊಂದು. ಪೀಣ್ಯದಲ್ಲಿ ಲೇಪನದ ಕೆಲಸ ನಡೆಸುವವರಲ್ಲಿ ಸಣ್ಣ ಸಣ್ಣ ಘಟಕಗಳು ಬಹಳ. ಒಂದೊಂದರ ಪಾಲು ಅಲ್ಪವೆನಿಸಿದರೂ ಎಲ್ಲವೂ ಕೂಡಿದಾಗ ನೆಲದಡಿಯ ನೀರು ಕೆಟ್ಟಿತು. ಒಮ್ಮೆ ಕೆಟ್ಟ ಅಂತರ್ಜಲವನ್ನು ಶುದ್ಧಿಗೊಳಿಸುವುದು ಎಷ್ಟು ಕಷ್ಟವೆಂಬುದು ಅಲ್ಲಿಯವರಿಗೆ ಗೊತ್ತು. ತಾಮ್ರ ಕ್ರೋಮಿಯಮಿನಷ್ಟು ಕ್ರೂರವಲ್ಲ, ನಿಜ. ಆದರೆ “ದೊಡ್ಡವರು ಟನ್ನುಗಟ್ಟಲೆ ಬಿಡುವಾಗ ನಮ್ಮ ಐದು ಗ್ರಾಮಿನಿಂದ ಏನಾದೀತು?” ಎಂದು ಕೇಳುವ ವಿದ್ಯಾರ್ಥಿ, ಆ ಸಣ್ಣ ಘಟಕಗಳವರು ತಮಗೆ ತಾವೇ ಹೇಳಿಕೊಂಡಿರಬಹುದಾದ ಸಮಾಧಾನವನ್ನೇ ಹೇಳುತ್ತಿದ್ದಾನೆ. ಹನಿಗೂಡಿ ಹಳ್ಳವೆಂಬ ಗಾದೆ ವಿಷಕ್ಕೂ ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಲೇಪನದ ದ್ರಾವಣವನ್ನು ಚೆಲ್ಲುವ ಪ್ರಸಂಗವೇ ಬರಬೇಕಾಗಿಲ್ಲ. ಋಣಧ್ರುವದಲ್ಲಿ ಕೂರುವ ತಾಮ್ರಕ್ಕೆ ಬದಲಾಗಿ ಧನಧ್ರುವದ ತಗಡಿನಿಂದ ಅಷ್ಟೇ ತಾಮ್ರ ಕರಗಿ ಬರುತ್ತದೆ. ಸೋಸಿ, ಮುಚ್ಚಿ, ಹೆಸರು ಬರೆದಿಟ್ಟ ದ್ರಾವಣವನ್ನು ವರ್ಷಗಟ್ಟಲೆ ಬಳಸಬಹುದು. ಉಳಿಯುವುದು ತೊಳೆದ ನೀರು ಮತ್ತು ಹಳೆಯ ಫೆರಿಕ್ ಕ್ಲೋರೈಡು. ಬೋರ್ಡನ್ನು ಹರಿಯುವ ಕೊಳಾಯಿಯ ಕೆಳಗೆ ತೊಳೆಯದೆ ಎರಡು ಬೋಗುಣಿಗಳಲ್ಲಿ ಕ್ರಮವಾಗಿ ಅದ್ದಿ ತೊಳೆದರೆ ನೀರು ಸ್ವಲ್ಪದರಲ್ಲಿಯೇ ಮುಗಿಯುತ್ತದೆ. ಫೆರಿಕ್ ಕ್ಲೋರೈಡಿನಲ್ಲಿ ಕಬ್ಬಿಣದ ಚೂರುಗಳನ್ನು ಹಾಕಿಟ್ಟರೆ ಕಬ್ಬಿಣ ಕರಗಿ ತಾಮ್ರ ಕೆಂಪಗೆ ಕೆಳಗಿಳಿಯುತ್ತದೆ. ಉಳಿದ ದ್ರವಕ್ಕೂ ತೊಳೆದ ನೀರಿಗೂ ಸುಣ್ಣದ ತಿಳಿಯನ್ನೋ ವಾಷಿಂಗ್ ಸೋಡಾವನ್ನೋ ಸ್ವಲ್ಪಸ್ವಲ್ಪವಾಗಿ ಸೇರಿಸಿ ಆಮ್ಲತೆಯನ್ನು ಕಳೆದು, ಪಿ.ಎಚ್. 8ರಿಂದ 9ರ ನಡುವೆ ನಿಲ್ಲಿಸಿದರೆ ತಾಮ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಕೆಸರಾಗಿ ತಳಕ್ಕಿಳಿಯುತ್ತದೆ. ಅಡಕೆ ಬೆಳೆಗಾರ ಮೈಲುತುತ್ತಕ್ಕೆ ಸುಣ್ಣ ಬೆರೆಸುವಾಗ ನಡೆಯುವ ರಸಾಯನಕ್ರಿಯೆಯೇ ಇದು. ಕೆಸರನ್ನು ಸೋಸಿ, ಒಣಗಿಸಿ, ಸೀಸೆಯಲ್ಲಿ ಶೇಖರಿಸಬೇಕು. ಮೇಲಿನ ತಿಳಿನೀರಿಗೆ ಅಮೋನಿಯಾ ಸೇರಿಸಿದಾಗ ಕಡುನೀಲಿ ಬಂದರೆ ತಾಮ್ರ ಇನ್ನೂ ಉಳಿದಿದೆಯೆಂದು ತಿಳಿಯಬೇಕು. ನೀಲಿ ಬಾರದಿದ್ದ ಮಾತ್ರಕ್ಕೆ ಮಿತಿಯೊಳಗೆ ಬಂದಿತೆನ್ನಲಾಗದು. ಅಷ್ಟು ಸೂಕ್ಷ್ಮವಾಗಿ ಅಳೆಯಲು ಕಾಲೇಜಿನ ವರ್ಣಮಾಪಕ ಬೇಕು.

ಕೊನೆಯದಾಗಿ ಆ ಕೆಸರು ಎಲ್ಲಿಗೆ ಹೋಗಬೇಕು? ಲೋಹಲೇಪನದ ಕೆಸರು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕಾರ್ಖಾನೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದು ಅದನ್ನು ಅಧಿಕೃತ ಕೇಂದ್ರಗಳಿಗೆ ಕಳುಹಿಸಬೇಕು. ಅಂತಹ ಕೇಂದ್ರವೊಂದನ್ನು ಇದೇ ಹೆದ್ದಾರಿಯಲ್ಲಿ ನೆಲಮಂಗಲದಿಂದಾಚೆ ದಾಬಸ್‌ಪೇಟೆಯಲ್ಲಿ ನಿರ್ಮಿಸಲಾಯಿತು. ಆದರೆ ಒಂದು ಮನೆಯ ಹುಡುಗ ಅಥವಾ ಹುಡುಗಿ ಒಂದು ಸೀಸೆ ಕೆಸರನ್ನು ಹಿಡಿದುಕೊಂಡು ಹೋಗಿ ಒಪ್ಪಿಸುವಂತಹ ವ್ಯವಸ್ಥೆ ಅದಲ್ಲ. ಮನೆಯ ಪ್ರಯೋಗ ನಿಲ್ಲುವುದು ಇಲ್ಲಿಯೇ. ರಂಧ್ರವನ್ನು ಲೇಪಿಸುವುದು ಮನೆಯಲ್ಲಿ ಸಾಧ್ಯ. ಅದರ ಕೊನೆಯನ್ನು ಕಾಣಿಸುವುದು ಒಬ್ಬರಿಂದ ಆಗದು.

ಆದುದರಿಂದ ನಮ್ಮ ಸಲಹೆ ಇಷ್ಟು. ಮನೆಯಲ್ಲಿ ಎರಡು ಮೈಯ ಬೋರ್ಡು ಬೇಕಾದಾಗ ರಂಧ್ರದಲ್ಲಿ ತಾಮ್ರದ ತಂತಿಯ ತುಂಡನ್ನು ತೂರಿಸಿ ಎರಡು ಕಡೆಯೂ ಬೆಸುಗೆ ಹಾಕಲಿ. ಸಣ್ಣ ಕೆಲಸಗಳಿಗೆ ಅದು ಧಾರಾಳವಾಗಿ ಸಾಕು. ಲೇಪನದ ಪ್ರಯೋಗವನ್ನು ಕಾಲೇಜಿನ ಪ್ರಯೋಗಶಾಲೆಗೆ ತರಲಿ. ಭೌತಶಾಸ್ತ್ರದವರು ಪ್ರವಾಹವನ್ನೂ ರೋಧವನ್ನೂ ಅಳೆಯಲಿ. ರಸಾಯನಶಾಸ್ತ್ರದವರು ದ್ರಾವಣವನ್ನೂ ಕೆಸರನ್ನೂ ನೋಡಿಕೊಳ್ಳಲಿ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ ಎಂದು ಪಕ್ಕದಲ್ಲಿ ನಿಂತು ಹೇಳುವ ಹಿರಿಯರು ಅಲ್ಲಿರುತ್ತಾರೆ. ಕನ್ನಡಕ, ಕೈಚೀಲ, ಕೊರೆಯುವಾಗ ಗಾಜಿನ ಧೂಳನ್ನು ತಡೆಯುವ ಮುಖವಸ್ತ್ರ ಇವೂ ಅಲ್ಲಿ ದೊರೆಯಬೇಕು. ಒಂದೇ ತೊಟ್ಟಿಯ ಐದು ಲೀಟರ್ ದ್ರಾವಣ ಇಡೀ ತರಗತಿಗೆ ಸಾಕು. ಮೂವತ್ತು ಮನೆಗಳಲ್ಲಿ ಮೂವತ್ತು ಬೋಗುಣಿ ಆಮ್ಲ ಇರಬೇಕಾಗಿಲ್ಲ. ವರ್ಷದ ಕೆಸರನ್ನು ಕಾಲೇಜು ತನ್ನ ಉಳಿದ ತ್ಯಾಜ್ಯದೊಡನೆ ಲೆಕ್ಕ ಬರೆದು ಕ್ರಮಬದ್ಧವಾಗಿ ಕಳುಹಿಸಬಹುದು. ಹತ್ತಿರದ ಪ್ರೌಢಶಾಲೆಗಳ ಮಕ್ಕಳನ್ನೂ ಕರೆದು ತೋರಿಸಬಹುದು.

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇವೆ. ಈ ಪ್ರಯೋಗಕ್ಕೆ ಅಂಕಗಳನ್ನು ಕೊಡುವಾಗ ರಂಧ್ರದ ರೋಧ ಎಷ್ಟು ಬಂದಿತೆಂಬುದರ ಜೊತೆಗೆ ತಾಮ್ರದ ಜಮಾಖರ್ಚನ್ನೂ ಕೇಳಬೇಕು: ಎಷ್ಟು ಗ್ರಾಂ ಬಂದಿತು, ಬೋರ್ಡಿನ ಮೇಲೆ ಎಷ್ಟು ಉಳಿಯಿತು, ಕೆಸರಿನಲ್ಲಿ ಎಷ್ಟು ಸಿಕ್ಕಿತು, ಲೆಕ್ಕಕ್ಕೆ ಸಿಗದೆ ಹೋದುದು ಎಷ್ಟು? ವಸ್ತುವಿಗೆ ನಾಶವಿಲ್ಲವೆಂಬ ನಿಯಮವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಲೆಕ್ಕಕ್ಕೆ ಸಿಗದ ಆ ಅರ್ಧ ಗ್ರಾಂ ಎಲ್ಲಿಗೆ ಹೋಯಿತೆಂದು ಹುಡುಕತೊಡಗಿದಾಗ ಅದರ ಅರ್ಥ ತಿಳಿಯುತ್ತದೆ. ಹಾಗೆ ಹುಡುಕಿದ ವಿದ್ಯಾರ್ಥಿ ಮುಂದೆ ಪೀಣ್ಯದ ಯಾವುದಾದರೂ ಘಟಕದಲ್ಲಿ ಇಂಜಿನಿಯರಾಗಿ ನಿಂತಾಗ, ಹೊರಗೆ ಹೋಗುವ ಕೊಳವೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸುತ್ತಾನೆಂದು ನಂಬಬಹುದು.